ಕೊನೆಯವನ ಒಟ್ಟು ಸಮಯ

ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
5 ನವೆಂಬರ್ 1989

ಮೈಸೂರು ಸರಸ್ವತಿಪುರಂ ಸಂಸ್ಥಾನದ ಮಹಾರಾಣಿಯವರೂ ನನ್ನ ಅತ್ತಿಗೆಯವರೂ ಆದ ಶ್ರೀಮತಿ ಪಂಕಜಾ ಅವರ ಸನ್ನಿಧಾನಕ್ಕೆ,

ವಿಷಯ: ಅಂತರರಾಷ್ಟ್ರೀಯ ಹಿಮ ಓಟದಲ್ಲಿ ಭಾರತವನ್ನು ಪ್ರತಿನಿಧಿಸುವ ಬಗ್ಗೆ.
ಉಲ್ಲೇಖ: ಯಾವುದೂ ಇಲ್ಲ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮೈದುನನಾದ ಸುಬ್ಬು ಎಂಬ ನಾನು ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬರುವ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಉತ್ತರದ ಬೆಟ್ಟಗಳಲ್ಲಿ ಐದು ದಿನ ಒಂದೇ ಸಮನೆ ನಡೆಯುವ ಸ್ಕೀ ಓಟದ ಸರಣಿಗೆ ನನ್ನನ್ನು ಆರಿಸಲಾಗಿದೆ. ಎಂಬತ್ತು ಕೋಟಿ ಜನರಲ್ಲಿ ನನ್ನನ್ನೇ ಏಕೆ ಆರಿಸಿದರು ಎಂದು ನಾನು ಕೇಳಲಿಲ್ಲ. ಅಂಥ ಪ್ರಶ್ನೆ ಕೇಳುವುದು ಸೌಜನ್ಯವಲ್ಲ.

ಸ್ಕೀ ಎಂದರೆ ನಿಮಗಿಂತ ಒಂದು ಗೇಣು ಉದ್ದದ, ಅಂಗೈಗಿಂತ ಕಿರಿದಾದ ಎರಡು ಹಲಗೆ. ಅವನ್ನು ಬೂಟಿನ ಮುಂತುದಿಗೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ಕೋಲು ಹಿಡಿದು, ಹಿಮದ ಮೇಲೆ ಕಾಡಿನೊಳಗೆ ಹತ್ತುತ್ತ ಇಳಿಯುತ್ತ ಓಡಬೇಕು. ಬೆಟ್ಟದ ನೆತ್ತಿಯಿಂದ ಸುಮ್ಮನೆ ಜಾರುವ ಶ್ರೀಮಂತರ ಸ್ಕೀ ಬೇರೆ. ನಮ್ಮದರಲ್ಲಿ ಹತ್ತುವ ಶಿಕ್ಷೆಯೂ ಉಂಟು. ಐದು ದಿನದ ಸಮಯವನ್ನೂ ಕೂಡುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಒಂದು ದಿನ ಕೈಬಿಟ್ಟರೂ ಫಲಿತಾಂಶದ ಹಾಳೆಯಲ್ಲಿ ಹೆಸರಿರುವುದಿಲ್ಲ.

ಇತರ ವರ್ತಮಾನ. ಔಷಧ ಕಂಪನಿಯ ಲ್ಯಾಬಿನಲ್ಲಿ ನನ್ನ ಕೆಲಸ ಭದ್ರವಾಗಿದೆ. ಮಾತ್ರೆಯನ್ನು ನೀರಿಗೆ ಹಾಕಿ, ಎಷ್ಟು ಹೊತ್ತಿಗೆ ಕರಗುತ್ತದೆಂದು ಗಡಿಯಾರ ಹಿಡಿದು ನೋಡುವುದು. ಇದಕ್ಕಾಗಿ ಎರಡು ವರ್ಷ ಎಂ.ಎಸ್. ಓದಿದೆ. ವಾಸ ದ್ವಾರಕಾನಾಥ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಹೊರಗೆ 41 ಡಿಗ್ರಿ ಫ್ಯಾರನ್‌ಹೀಟ್. ದೀಪಾವಳಿಗೆ ಮೂವತ್ತು ಜನ ಸ್ನೇಹಿತರು ಸೇರಿದ್ದೆವು, ಹೋಳಿಗೆ ಮಾಡಿದ್ದೆವು, ಬಹಳ ಗಲಾಟೆಯಾಯಿತು.

ಈ ಅರಿಕೆಯನ್ನು ಅಣ್ಣನಿಗೂ ಓದಿ ಹೇಳಬೇಕಾಗಿ ವಿನಂತಿ. ನಕ್ಕನೇ ಇಲ್ಲವೇ ತಿಳಿಸುವುದು.

ತಮ್ಮ ವಿಧೇಯ,
ಸುಬ್ಬು
(ಭಾರತ ತಂಡದ ನಾಯಕ, ಉಪನಾಯಕ ಮತ್ತು ತಂಡ)

*

ಮೈಸೂರು
24 ನವೆಂಬರ್ 1989

ಪ್ರಿಯ ಸುಬ್ಬು,

ನಿನ್ನ ಅರಿಕೆ ಬಂದಾಗ ಮಹಾರಾಣಿಯವರು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಒಂದು ಬಿಂದಿಗೆ ತುಂಬಿ ಹರಿದುಹೋಯಿತು, ಅದು ನಿನ್ನ ಪಾಲಿಗೆ.

ಊಟಕ್ಕೆ ಕೂತಾಗ ನಿಮ್ಮಣ್ಣನಿಗೆ ಓದಿ ಹೇಳಿದೆ. ‘ವಿಷಯ’ ಅಂತ ಶುರು ಮಾಡುವ ಹೊತ್ತಿಗೇ ಅವರು ತುತ್ತು ಕಲಸುವುದನ್ನು ನಿಲ್ಲಿಸಿದರು. ಪೂರ್ತಿ ಕೇಳಿ, “ಇದೂ ಒಂದು ಆರ್ಡರಾ?” ಅಂದರು. ಎದ್ದು ಕೈ ತೊಳೆದುಕೊಂಡರು.

ದೂರದಲ್ಲಿರುವವನಿಗೆ ಇದನ್ನು ಬರೆಯಬಾರದು ಅಂತಲೇ ಎರಡು ವರ್ಷ ಬರೆಯಲಿಲ್ಲ. ಆದರೆ ಸುಬ್ಬು, ಆ ‘ವಿಷಯ’, ‘ಉಲ್ಲೇಖ’, ಅದೇ ಅಚ್ಚಿನಲ್ಲಿ ತಾನೆ ಎಂಬತ್ತಾರರಲ್ಲಿ ಆ ಕಾಗದ ಬಂದದ್ದು? ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನೇಮಿಸಲಾಗಿದೆ ಅಂತ. ನೀನು ಆಲೂಗಡ್ಡೆಯಲ್ಲಿ ಮೊಹರು ಕೆತ್ತಿ ಒತ್ತಿದ್ದೆಯಂತೆ. ಐದು ನಿಮಿಷ ಆಟ ಆಡಿಸಿ ಹೇಳಿಬಿಡೋಣ ಅಂತ ನೀನು ಬಾಗಿಲ ಹಿಂದೆ ನಿಂತಿದ್ದೆ. ಅಷ್ಟರಲ್ಲಿ ಅವರು ಪೇಡಾ ತರಲು ಬೀದಿಗೆ ಇಳಿದಾಗಿತ್ತು. ಆಮೇಲೆ ನಿನಗೆ ಬಾಯಿ ಬರಲಿಲ್ಲ.

ಅವರು ಈಗಲೂ ಅದೇ ಗೈಡು ಅಚ್ಚು ಹಾಕುವವರ ಹತ್ತಿರ ಇದ್ದಾರೆ. ಗಣಿತದ ಗೈಡಿನ ಕೊನೆಯಲ್ಲಿ ಉತ್ತರಗಳಿರುತ್ತವಲ್ಲ, ಅವು ಸರಿಯೇ ಅಂತ ನೋಡುವ ಕೆಲಸ.

ದೀಪಾವಳಿಗೆ ಮೂವತ್ತು ಜನರಿಗೆ ಹೋಳಿಗೆ ತಟ್ಟಿದವರು ಯಾರು? ಹೂರಣಕ್ಕೆ ಯಾವ ಬೇಳೆ? ಬರೆದು ತಿಳಿಸು.

ನಿನ್ನ ಅತ್ತಿಗೆ,
ಪಂಕಜಾ

*

ಮಾನ್ಮತ್ ಜಂಕ್ಷನ್
10 ಡಿಸೆಂಬರ್ 1989

ಅತ್ತಿಗೆ,

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ಲ್ಯಾಬಿನ ಬೋರ್ಡಿಗೆ ಓಟದ ನೋಟೀಸು ಹಚ್ಚಿದ್ದು ನಿಜ. ಯಾರು ಬೇಕಾದರೂ ಸೇರಬಹುದು ಎಂದು ಅದರಲ್ಲಿತ್ತು. ನಾನು ಸೇರಿರಲಿಲ್ಲ, ಸೇರುವ ಉದ್ದೇಶವೂ ಇರಲಿಲ್ಲ. ಬರೆಯಲು ಬೇರೆ ಸುದ್ದಿ ಇರಲಿಲ್ಲ, ಅದಕ್ಕೆ ಬರೆದೆ. ನಿಮ್ಮ ಕಾಗದ ಓದಿದ ಮಾರನೆಯ ದಿನವೇ ಹೆಸರು ಕೊಟ್ಟೆ. ಆದ್ದರಿಂದ ಹಿಂದಿನ ಕಾಗದವೂ ಈಗ ನಿಜವಾಗಿದೆ. ಸುಳ್ಳನ್ನು ನಿಜ ಮಾಡುವ ಈ ವಿಧಾನ ಕಷ್ಟದ್ದು, ಆದರೆ ನನಗೆ ಗೊತ್ತಿರುವುದು ಇದೊಂದೇ.

ಥ್ಯಾಂಕ್ಸ್‌ಗಿವಿಂಗ್ ದಿನ ಬಿದ್ದ ಹಿಮ ಅಷ್ಟರಲ್ಲಿ ಕರಗಿಹೋಗಿತ್ತು. ಹಳೆಯ ಸ್ಕೀ ಒಂದು ಜೊತೆ ಹೊಂದಿಸಿಕೊಂಡು ಹಿತ್ತಲ ಹುಲ್ಲಿನ ಮೇಲೇ ಅಭ್ಯಾಸ ಮಾಡಿದೆ. ಅಂಕಲ್ ಅವರ ಹೆಂಡತಿ, ಧಾರವಾಡದ ಸುಧಾಮಣಿ ಆಂಟಿ, ಅಡುಗೆಮನೆ ಕಿಟಕಿಯಿಂದ ನೋಡಿದರು. “ಏನ್ ಸುಬ್ಬು, ಕಾಲಿಗೆ ಹಲಗಿ ಕಟ್ಕೊಂಡು ಹುಲ್ಲಿನ ಮ್ಯಾಲೆ ಎಲ್ಲಿಗೆ ಹೊಂಟಿ?” “ನ್ಯೂಯಾರ್ಕಿಗೆ ಆಂಟಿ.” “ಹಂಗಾರ ಬರೂವಾಗ ಕೊತ್ತಂಬ್ರಿ ತಗೊಂಡ್ ಬಾ.” ದ್ವಾರಕಾನಾಥ ಅಂಕಲ್ ಮಾತ್ರ ಗಂಭೀರವಾಗಿ, “ನಿನಗೆ ಹೆಲ್ತ್ ಇನ್ಶೂರೆನ್ಸ್ ಇದೆ ತಾನೆ?” ಎಂದು ಎರಡು ಸಲ ಕೇಳಿದರು. ಅವರ ಮಗಳು “ಹೀ ಈಸ್ ಸೋ ವಿಯರ್ಡ್” ಎಂದಳು. ಕನ್ನಡದಲ್ಲಿ ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ.

ಹಲಗೆಯ ಅಡಿಗೆ ಮೇಣ ಹಚ್ಚಬೇಕು. ಬಹಳ ಚಳಿಗೆ ಹಸಿರು ಮೇಣ, ಸ್ವಲ್ಪ ಚಳಿಗೆ ನೀಲಿ, ಕರಗುವ ಹಿಮಕ್ಕೆ ಕೆಂಪು. ಬೆಳಿಗ್ಗೆ ಎಷ್ಟು ಡಿಗ್ರಿ ಎಂದು ನೋಡಿ ಬಣ್ಣ ಆರಿಸಬೇಕು. ಈಗ 25 ಡಿಗ್ರಿ, ಅಂದರೆ ನೀಲಿ.

ಅಣ್ಣನಿಗೆ ಹೇಳಿ, ಇದು ಆರ್ಡರ್ ಅಲ್ಲ.

ಹೂರಣಕ್ಕೆ ಕಡಲೆಬೇಳೆ.

ಸುಬ್ಬು

*

ಮೈಸೂರು
2 ಜನವರಿ 1990

ಪ್ರಿಯ ಸುಬ್ಬು,

ಹೇಳಿದೆ. “ಹೆಸರು ಕೊಟ್ಟಿದ್ದಾನಂತೆ, ನಿಜವಾಗಿಯೂ ಓಡುತ್ತಾನಂತೆ” ಅಂದೆ. “ಓಡಲಿ. ಆಮೇಲೆ ಫೋಟೋ ಕಳಿಸುತ್ತಾನೆ, ಯಾರದೋ ಮೈಗೆ ತನ್ನ ತಲೆ ಅಂಟಿಸಿ. ಅದನ್ನೂ ಚೆನ್ನಾಗಿಯೇ ಅಂಟಿಸಿರುತ್ತಾನೆ” ಅಂದರು. ಕೋಪದಿಂದಲ್ಲ. ಬಸ್ಸಿನ ನಂಬರ್ ಹೇಳುವ ಹಾಗೆ ಹೇಳಿದರು.

ಅವರನ್ನು ನಂಬಿಸುವುದಕ್ಕೆ ಅಂತ ಚಳಿಯಲ್ಲಿ ಕೈಕಾಲು ಮುರಿದುಕೊಳ್ಳಬೇಡ. ನೀನು ಏನು ಕಳಿಸಿದರೂ ಅವರು ನಂಬುವುದಿಲ್ಲ. ಕಾರಣವನ್ನು ಈಗ ಹೇಳಿಬಿಡುತ್ತೇನೆ.

ಅವತ್ತು ಅವರು ಆ ಕಾಗದ ಹಿಡಿದು ಕಚೇರಿಗೆ ಹೋದವರು ಹತ್ತು ಗಂಟೆಗೇ ವಾಪಸು ಬಂದರು ಅಂತ ನೀನು ತಿಳಿದಿದ್ದೀಯ. ನಾನೇ ಹಾಗೆ ಹೇಳಿದ್ದು. ಅವರು ಬಂದದ್ದು ಸಂಜೆ. “ಸಾಹೇಬರು ಬರಲಿ, ಅವರನ್ನೇ ಕೇಳಿ” ಅಂತ ಯಾರೋ ಹೇಳಿದರಂತೆ. ಹತ್ತರಿಂದ ಐದರವರೆಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನು ಕಟ್ಟಿಕೊಟ್ಟ ಬುತ್ತಿ ಬಿಚ್ಚದೆ ಹಾಗೇ ಬಂತು. ಮೊದಲ ದಿನ ಅಂತ ಚಿತ್ರಾನ್ನ ಮಾಡಿದ್ದೆ.

ಇನ್ನೊಂದು ನಿನಗೆ ಗೊತ್ತೇ ಇಲ್ಲ. ಆರು ವಾರದ ಮೇಲೆ ಇಂಟರ್‌ವ್ಯೂಗೆ ಬನ್ನಿ ಅಂತ ಒಂದು ಕಾರ್ಡು ಬಂತು. ನಿನ್ನದೇ ಅಂದುಕೊಂಡು ಅವರು ಅದನ್ನು ಹರಿದು ಒಲೆಗೆ ಹಾಕಿದರು. ಅದು ಅಸಲಿಯಾಗಿತ್ತು. ಎದುರು ಮನೆ ಹುಡುಗ ಅದೇ ಇಂಟರ್‌ವ್ಯೂಗೆ ಹೋಗಿ ಬಂದು ಹೇಳಿದ ಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಅವರು ಯಾವುದಕ್ಕೂ ಅರ್ಜಿ ಹಾಕಲಿಲ್ಲ. ಈಗ ವಯಸ್ಸೂ ಮೀರಿತು.

ನಿನ್ನನ್ನು ನೋಯಿಸಲು ಬರೆಯಲಿಲ್ಲ. ನೀನು ಹೊರಟ ದಿನ ಟ್ರಂಕನ್ನು ಆಟೋಗೆ ಇಟ್ಟವರೂ ಅವರೇ. ಅದನ್ನೂ ಬರೆದಿರುತ್ತೇನೆ.

ನಿನ್ನ ಕಾಗದಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ. ನಾನು ಇಟ್ಟ ಜಾಗದಲ್ಲಿ ಡಬ್ಬಿ ಇರುವುದಿಲ್ಲ. ಇಲಿ ಇರಬೇಕು.

ಪಂಕಜಾ

*

ಉತ್ತರ ನ್ಯೂಯಾರ್ಕ್, ಮೋಟೆಲ್ ಕೋಣೆ ಸಂಖ್ಯೆ 6
14 ಫೆಬ್ರವರಿ 1990, ಬುಧವಾರ

ಅತ್ತಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಓಟದ ವರದಿಯನ್ನೇ ಬರೆಯುತ್ತೇನೆ. ಐದೂ ದಿನದ್ದು ಬರೆದು ಒಟ್ಟಿಗೆ ಅಂಚೆಗೆ ಹಾಕುತ್ತೇನೆ.

ಐದು ಗಂಟೆ ಡ್ರೈವ್ ಮಾಡಿ ಬಂದೆ. ಬೆಳಿಗ್ಗೆ 14 ಡಿಗ್ರಿ, ಹಸಿರು ಮೇಣ. ಓಡುವವರು ನಲವತ್ತಮೂರು ಜನ. ಇವತ್ತು ಹತ್ತು ಕಿಲೋಮೀಟರ್. ಮೊದಲ ಏರಿನಲ್ಲೇ ಎಲ್ಲರೂ ಮರಗಳ ಹಿಂದೆ ಮರೆಯಾದರು. ಆಮೇಲೆ ನನ್ನ ಉಸಿರು, ಹಲಗೆಯ ಸದ್ದು, ಅಷ್ಟೇ. ನನಗಿಂತ ಮುಂಚಿನವರು ಅರವತ್ತೆಂಟು ವರ್ಷದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಅವರೂ ಆರು ನಿಮಿಷ ಮುಂಚೆ ಮುಟ್ಟಿದ್ದರು.

ನಾನು ಮುಟ್ಟುವ ಹೊತ್ತಿಗೆ ಎಲ್ಲರೂ ಸೂಪು ಕುಡಿಯಲು ಒಳಗೆ ಹೋಗಿದ್ದರು. ಗೆರೆಯ ಹತ್ತಿರ ಮಡಿಸುವ ಕುರ್ಚಿಯ ಮೇಲೆ, ಕಂಬಳಿ ಹೊದ್ದು, ಗಡಿಯಾರ ಹಿಡಿದು ಒಬ್ಬರು ಅಜ್ಜಿ ಮಾತ್ರ ಕೂತಿದ್ದರು. ಮಿಸೆಸ್ ಲಿಂಡ್‌ಕ್ವಿಸ್ಟ್, ಓಟದ ಸಮಯ ಬರೆದುಕೊಳ್ಳುವವರು. ನನ್ನನ್ನು ನೋಡಿ, ಅಂತೂ ಬಂದೆಯಲ್ಲ ಎಂದರು. ಅವರ ಭಾಷೆಯಲ್ಲಿ, ಆದರೆ ಅರ್ಥ ಅದೇ.

ಅಂತೂ ಬಂದೆಯಲ್ಲ ಎಂದು ನನಗೆ ಯಾರಾದರೂ ಹೇಳಿ ಎರಡೂವರೆ ವರ್ಷ ಆಗಿತ್ತು.

15 ಫೆಬ್ರವರಿ

9 ಡಿಗ್ರಿ. ಹಸಿರು. ಮತ್ತೆ ಕೊನೆಯವನು. “ಈ ಚಳಿಯಲ್ಲಿ ಯಾಕೆ ಕೂತಿದ್ದೀರಿ, ಒಳಗೆ ಹೋಗಬಾರದಿತ್ತೇ?” ಎಂದು ಕೇಳಿದೆ. ಕೊನೆಯವರು ಬರುವ ತನಕ ಗಡಿಯಾರ ನಿಲ್ಲಿಸುವ ಹಾಗಿಲ್ಲ, ಅದು ರೂಲು ಎಂದರು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟರು. ಕಾಫಿ ಎಂಬ ಹೆಸರಿಗೆ ಅದು ಅವಮಾನ. ಎರಡು ಸಲ ಹಾಕಿಸಿಕೊಂಡೆ.

ಅತ್ತಿಗೆ, ದೀಪಾವಳಿಗೆ ಮೂವತ್ತು ಜನ ಇರಲಿಲ್ಲ. ಅಂಕಲ್ ಮನೆಯವರು ನೆಂಟರ ಮನೆಗೆ ಹೋಗಿದ್ದರು. ನಾನು ಅನ್ನ ಮೊಸರು ಕಲಸಿಕೊಂಡು ತಿಂದೆ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಬಾಯಿಂದ ಒಂದು ಮಾತೂ ಹೊರಡದ ವಾರಗಳಿವೆ. ಸೋಮವಾರ ‘ಗುಡ್ ಮಾರ್ನಿಂಗ್’ ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಇಲ್ಲಿ ಒಬ್ಬರು ನನಗಾಗಿ ಕಾಯುತ್ತಾರೆ. ರೂಲಿಗಾಗಿಯೇ ಇರಲಿ, ನಾನು ಬರದೆ ಅವರು ಮನೆಗೆ ಹೋಗುವಂತಿಲ್ಲ.

16 ಫೆಬ್ರವರಿ

ಬೆಳಿಗ್ಗೆ 34 ಡಿಗ್ರಿ ಇತ್ತು, ಕೆಂಪು ಮೇಣ ಹಚ್ಚಿದೆ. ಅರ್ಧ ದಾರಿಯಲ್ಲಿ ಗಾಳಿ ತಿರುಗಿ 20ಕ್ಕೆ ಇಳಿಯಿತು, ಹೊಸ ಹಿಮ ಬಿತ್ತು. ಮೆತ್ತನೆಯ ಮೇಣಕ್ಕೆ ಹಿಮ ಅಂಟಿ, ಪ್ರತಿ ಕಾಲಿಗೂ ಒಂದೊಂದು ಮಣೆ ಕಟ್ಟಿಕೊಂಡ ಹಾಗಾಯಿತು. ಇಳಿಜಾರಿನಲ್ಲಿ ಬಿದ್ದೆ. ಮಂಡಿ ಊದಿದೆ, ಮುರಿದಿಲ್ಲ, ಅಂಕಲ್‌ಗೆ ತಿಳಿಸಬೇಡಿ. ದಾರಿ ರಸ್ತೆಗೆ ಸೇರುವ ಕಡೆ ಓಟ ನಡೆಸುವವರ ವ್ಯಾನು ನಿಂತಿತ್ತು. “ಹತ್ತಪ್ಪ, ಇವತ್ತಿಗೆ ಸಾಕು” ಎಂದ ಡ್ರೈವರ್. ಒಳಗೆ ಹೀಟರ್ ಹಾಕಿತ್ತು.

ಹತ್ತಿದರೆ ಹಾಳೆಯಲ್ಲಿ ಹೆಸರಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕುರ್ಚಿಯ ಮೇಲೆ ಆ ಅಜ್ಜಿ ಕೂತಿರುತ್ತಾರೆ, ಯಾರಾದರೂ ಹೋಗಿ ಹೇಳುವವರೆಗೂ ಕೂತೇ ಇರುತ್ತಾರೆ ಎನ್ನುವುದು ತಲೆಯೊಳಗೆ ಹೊಕ್ಕಿತು. ಹಾಗೆ ಬಂದು ಹೇಳಬೇಕಾದವನು ಹೇಳದೆ ಬಾಗಿಲ ಹಿಂದೆಯೇ ನಿಂತರೆ ಏನಾಗುತ್ತದೆಂದು ನೀವು ಬರೆದಿದ್ದೀರಿ.

ನಡೆದೆ. ಪೋಸ್ಟ್‌ಮ್ಯಾನ್ ಮುಟ್ಟಿ ಹದಿನೆಂಟು ನಿಮಿಷವಾಗಿತ್ತು. ಅಜ್ಜಿ ಕೂತೇ ಇದ್ದರು. ಕಂಬಳಿಯ ಮೇಲೆ ಹಿಮ ಬಿದ್ದಿತ್ತು.

17 ಫೆಬ್ರವರಿ

12 ಡಿಗ್ರಿ. ಇವತ್ತಿನದು ಚಿಕ್ಕ ಓಟ. ಮಂಡಿಗೆ ಬಟ್ಟೆ ಸುತ್ತಿ ಓಡಿದೆ. ತಮಾಷೆಯಾಗಿ ಬರೆಯಲು ಏನೂ ತೋಚುತ್ತಿಲ್ಲ.

18 ಫೆಬ್ರವರಿ, ಭಾನುವಾರ

ಮುಗಿಯಿತು. ನಲವತ್ತಮೂರರಲ್ಲಿ ನಲವತ್ತಮೂರನೆಯವನು. ಟೈಪ್ ಮಾಡಿದ ಫಲಿತಾಂಶದ ಹಾಳೆಯನ್ನು ಎಲ್ಲರಿಗೂ ಒಂದೊಂದು ಕೊಟ್ಟರು. ನನ್ನದನ್ನು ಇದರ ಜೊತೆ ಇಟ್ಟಿದ್ದೇನೆ. ಮಿಸೆಸ್ ಲಿಂಡ್‌ಕ್ವಿಸ್ಟ್ ಕೈಕುಲುಕಿ, ಕಾರು ಹತ್ತಿ ಹೋದರು. ನಾಳೆಯಿಂದ ಅವರು ಯಾರಿಗೂ ಕಾಯಬೇಕಾಗಿಲ್ಲ.

ಈ ಹಾಳೆಯನ್ನು ಅಣ್ಣನಿಗೆ ಕೊಡಿ. ನಂಬದಿದ್ದರೂ ಸರಿ. ಇದರ ಕೆಳಗಿನ ಸಾಲು ಅವನಿಗೆ.

ಅಣ್ಣ, ತಪ್ಪಾಯಿತು. ಆ ಬೆಂಚಿನ ಸಂಗತಿಯಾಗಲಿ ಆ ಕಾರ್ಡಿನ ಸಂಗತಿಯಾಗಲಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದದ್ದೂ ನನ್ನದೇ ತಪ್ಪು.

ಸುಬ್ಬು

*

ಮೈಸೂರು
7 ಮಾರ್ಚ್ 1990

ಪ್ರಿಯ ಸುಬ್ಬು,

ಕಾಗದ, ಹಾಳೆ ಎರಡೂ ಬಂದವು. ಹಾಳೆಯನ್ನು ಕೊಟ್ಟೆ. ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಮಡಿಸಿ ಬುತ್ತಿ ಚೀಲದಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋದರು. ನಿನ್ನ ಕೊನೆಯ ಸಾಲನ್ನು ನಾನು ಓದಿ ಹೇಳಲಿಲ್ಲ. ಕಾಗದವನ್ನೇ ಅವರ ಮುಂದೆ ಇಟ್ಟು ಒಳಗೆ ಹೋದೆ. ಬರುವ ಹೊತ್ತಿಗೆ ಅದು ಡಬ್ಬಿಗೆ ಸೇರಿತ್ತು. ಏನೂ ಹೇಳಲಿಲ್ಲ.

ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡು. ಇನ್ನು ಮೇಲೆ ಮೊಸರನ್ನ ತಿಂದ ದಿನ ಮೊಸರನ್ನ ತಿಂದೆ ಅಂತಲೇ ಬರೆ.

ಪಂಕಜಾ

*

ಮಾನ್ಮತ್ ಜಂಕ್ಷನ್
25 ಮಾರ್ಚ್ 1990

ಅತ್ತಿಗೆ,

ಈಗ 50 ಡಿಗ್ರಿ. ಹಿಮ ಎಲ್ಲೂ ಇಲ್ಲ. ಸ್ಕೀಗಳನ್ನು ಬಾಯ್ಲರ್ ಹಿಂದೆ ನಿಲ್ಲಿಸಿದ್ದೇನೆ. ಸುಧಾಮಣಿ ಆಂಟಿ ನಾಡಿದ್ದು ಯುಗಾದಿಗೆ ಮೇಲೆ ಊಟಕ್ಕೆ ಕರೆದಿದ್ದಾರೆ. ನಾನು ಕೇಳಿ ಕರೆಸಿಕೊಂಡದ್ದು. “ನೀ ಒಬ್ಬನೇ ಇರ್ತೀ ಅಂತ ನಮಗೇನ್ ಗೊತ್ತು, ಯಾವಾಗ್ಲೂ ನಕ್ಕೋತ ಇರ್ತಿದ್ದಿ” ಎಂದರು.

ಅಣ್ಣ ಏನೂ ಹೇಳಿಲ್ಲವೆಂದರೆ ನಂಬಿಲ್ಲವೆಂದೇ ಅರ್ಥ. ನನ್ನ ಕೈಯಿಂದ ಹೋದ ಯಾವ ಕಾಗದವನ್ನು ಅವನು ನಂಬಿಯಾನು? ಅವನನ್ನು ಇನ್ನು ಕೇಳಬೇಡಿ.

ಸುಬ್ಬು

*

ಮೈಸೂರು
28 ಮಾರ್ಚ್ 1990

ಚಿ. ಸುಬ್ಬುವಿಗೆ,

ವಿಷಯ: ಓಟದ ಒಟ್ಟು ಸಮಯದಲ್ಲಿ ಹತ್ತು ನಿಮಿಷದ ತಪ್ಪು.
ಉಲ್ಲೇಖ: ನಿನ್ನ 18-2-90ರ ಪತ್ರ ಮತ್ತು ಅದರ ಜೊತೆಗಿನ ಹಾಳೆ.

ಹಾಳೆಯನ್ನು ಪರಿಶೀಲಿಸಿದೆ. ನಿನ್ನ ಐದು ದಿನದ ಸಮಯ ಗಂಟೆ, ನಿಮಿಷ, ಸೆಕೆಂಡಿನಲ್ಲಿ ಹೀಗಿದೆ: 1-52-40, 2-21-15, 2-48-30, 1-39-05, 2-27-50. ಕೂಡಿದರೆ 11-09-20 ಆಗುತ್ತದೆ. ಹಾಳೆಯಲ್ಲಿ 11-19-20 ಎಂದಿದೆ. ಮೂರು ಸಲ ಕೂಡಿದೆ. ಉಳಿದ ನಲವತ್ತೆರಡು ಜನರದ್ದನ್ನೂ ಕೂಡಿ ನೋಡಿದೆ, ಅವು ಸರಿಯಾಗಿವೆ. ಹಾಳೆಯ ಕೆಳಗಿರುವ ವಿಳಾಸಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆದು ರಿಜಿಸ್ಟರ್ ಮಾಡಿಸಿದ್ದೇನೆ. ತಿದ್ದಿ ಕಳಿಸಿದರೆ ನನಗೆ ತಿಳಿಸು. ತಿದ್ದಿದ ಮೇಲೂ ನೀನು ಕೊನೆಯವನೇ.

ಮೂರು ವಾರ ತಡವಾದದ್ದಕ್ಕೆ ಕಾರಣ, ಮೊದಲ ಎರಡು ವಾರ ಇದು ನಕಲಿ ಎಂದುಕೊಂಡೇ ನೋಡಿದೆ. ನೀನು ಎಂಬತ್ತಾರರಲ್ಲಿ ಮಾಡಿದ ಆರ್ಡರ್ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಸಂಖ್ಯೆ, ದಿನಾಂಕ, ನನ್ನ ಹೆಸರು, ಮನೆ ನಂಬರ್, ಎಲ್ಲವೂ ಸರಿಯಾಗಿದೆ. ಆಮೇಲೆ ಬಂದ ಇಂಟರ್‌ವ್ಯೂ ಕಾರ್ಡಿನಲ್ಲಿ ಮನೆ ನಂಬರ್ ತಪ್ಪಿತ್ತು. ಆಗ ನನಗೆ ಇದರ ಅರ್ಥ ತಿಳಿಯಲಿಲ್ಲ. ಈಗ ನಾಲ್ಕು ವರ್ಷದಿಂದ ತಪ್ಪು ಹುಡುಕುವುದೇ ಕೆಲಸವಾಗಿರುವುದರಿಂದ ತಿಳಿಯಿತು. ನೀನು ಮಾಡಿದ್ದರೆ ಮೊತ್ತ ಸರಿಯಾಗಿರುತ್ತಿತ್ತು. ಆದ್ದರಿಂದ ಈ ಹಾಳೆ ಅಸಲಿ. ನೀನು ಓಡಿದ್ದೀಯ.

ಹಾಳೆಯ ಪ್ರಕಾರ ಐದೂ ದಿನ ನಿನಗಿಂತ ಒಂದು ಸ್ಥಾನ ಮುಂಚೆ ಮುಟ್ಟಿದವರು ಆ ಪೋಸ್ಟ್‌ಮ್ಯಾನರೇ. ಅಂದರೆ ಆ ಹೆಂಗಸು ಐದು ದಿನದಲ್ಲಿ ನಿನಗಾಗಿ ಕಾದದ್ದು ಒಟ್ಟು ಮೂವತ್ತೆಂಟು ನಿಮಿಷ ಹದಿನೈದು ಸೆಕೆಂಡು. ನಾನು ಕಾದದ್ದು ಏಳು ಗಂಟೆ. ಅದನ್ನು ಈ ಮೊತ್ತಕ್ಕೆ ಸೇರಿಸಿಲ್ಲ. ಇನ್ನು ಸೇರಿಸುವುದೂ ಇಲ್ಲ.

ನಿನ್ನೆ ಯುಗಾದಿ. ನಿನ್ನ ಅತ್ತಿಗೆ ಹೋಳಿಗೆ ಮಾಡಿದ್ದಳು.

ಒಂದು ಸೂಚನೆ. ಮುಂದಿನ ಪತ್ರಗಳಲ್ಲಿ ಅಲ್ಲಿನ ಚಳಿಯನ್ನು ಸೆಂಟಿಗ್ರೇಡಿನಲ್ಲಿ ಬರೆ. ಇಲ್ಲಿ ನಾನು ಪ್ರತಿ ಸಲವೂ ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕಾಗುತ್ತದೆ.

ಕೃಷ್ಣಮೂರ್ತಿ